ನಿಲ್ದಾಣಕ್ಕೆ ಬಂದ ನೆಂಟ ವಿಮಾನ



ಪರಿಚಯವಿಲ್ಲದವರು ಊರಿಗೆ ಬಂದರೆ ನಮ್ಮ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕುಳಿತ ಹಿರಿಯರು ಸುಮ್ಮನೆ ಬಿಡುವುದಿಲ್ಲ. ಯಾವ ಊರಾಯಿತು, ಯಾರ ಮನೆಗೆ ಬಂದಿರಿ, ಏನು ಕೆಲಸ, ಎಷ್ಟು ದಿನ ಇರುತ್ತೀರಿ ಎಂದು ಒಂದೊಂದಾಗಿ ವಿಚಾರಿಸುತ್ತಾರೆ. ವಿಮಾನ ನಿಲ್ದಾಣಕ್ಕೆ ಅಪರೂಪದ ವಿಮಾನವೊಂದು ಬಂದಿಳಿದಾಗ ಇದೇ ಪ್ರಶ್ನೆಗಳನ್ನು ಕೇಳುವವರ ಬಳಗವೊಂದು ಪ್ರಪಂಚದ ನಾನಾ ಕಡೆ ಇದೆ. ಅವರನ್ನು ಪ್ಲೇನ್ ಸ್ಪಾಟರ್‌ಗಳೆಂದು ಕರೆಯುತ್ತಾರೆ. ನಾವು ವಿಮಾನ ವೀಕ್ಷಕರು ಎನ್ನೋಣ. ಹಕ್ಕಿ ನೋಡುವವರು ಕೆರೆಯ ದಂಡೆಯಲ್ಲಿ ಕಾಯುವಂತೆ ಇವರು ನಿಲ್ದಾಣದ ಆಚೆಗೆ ಕಾಯುತ್ತಾರೆ. ಕೈಯಲ್ಲಿ ಒಂದು ದುರ್ಬೀನು, ಒಂದು ಕ್ಯಾಮೆರಾ, ಒಂದು ಟಿಪ್ಪಣಿ ಪುಸ್ತಕ ಇರುತ್ತದೆ.

ಈ ಮೂರರಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಕ್ಯಾಮೆರಾ ಎಂದೇ ಹೇಳುತ್ತೀರಿ. ಕ್ಯಾಮೆರಾವನ್ನು ನಂಬಿಯೇ ಅನ್ನ ಉಣ್ಣುವ ನಾನು ಮಾತ್ರ ಟಿಪ್ಪಣಿ ಪುಸ್ತಕ ಎನ್ನುತ್ತೇನೆ. ಯಾಕೆ ಎಂಬುದೇ ಇಂದಿನ ಈ ಮಾತಿನ ವಿಷಯ.

ಮೊದಲು ಅಪರೂಪ ಎಂದರೇನು ಎಂಬುದನ್ನು ತಿಳಿಯೋಣ. ಕೊಕ್ಕರೆ ಬೆಳ್ಳೂರಿನ ಮಕ್ಕಳಿಗೆ ಹೆಜ್ಜಾರ್ಲೆ ಹಕ್ಕಿ ಮನೆಯ ಮುಂದಿನ ಮರದ ನೆರೆಯವನು. ಬೇರೆ ಊರಿನವರಿಗೆ ಅದು ಸೋಜಿಗ. ವಿಮಾನಗಳ ವಿಷಯದಲ್ಲೂ ಹೀಗೆಯೇ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಏರ್‌ಬಸ್ ಎ-320 ಜಾತಿಯ ವಿಮಾನ ಕಾಗೆ ಗುಬ್ಬಿಯಷ್ಟು ಸಾಮಾನ್ಯ. ಆದರೆ ಪ್ರೊಪೆಲ್ಲರಿನ ಎಟಿಆರ್ ವಿಮಾನಗಳೇ ಹೆಚ್ಚಾಗಿ ಇಳಿಯುವ ಚಿಕ್ಕ ನಿಲ್ದಾಣದ ಊರಿನಲ್ಲಿ ಅದೇ ಎ-320 ಬಂದರೆ ಜನ ತಲೆಯೆತ್ತಿ ನೋಡುತ್ತಾರೆ. ಎರಡು ಅಂತಸ್ತಿನ ದೈತ್ಯ ಎ-380 ವಿಮಾನವನ್ನು ಎಮಿರೇಟ್ಸ್ ಕಂಪನಿ 2022ರ ಅಕ್ಟೋಬರ್ 14ರಂದು ದುಬೈನಿಂದ ಬೆಂಗಳೂರಿಗೆ ತಂದಾಗ ಅದು ದೊಡ್ಡ ಸುದ್ದಿಯಾಯಿತು. ಅದರ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 80 ಮೀಟರ್. ಆಮೇಲೆ ಅದು ದಿನವೂ ಬರತೊಡಗಿತು. ನೆಂಟ ಹೋಗಿ ಮನೆಯವನಾದ. ಆದ್ದರಿಂದ ಅಪರೂಪ ಎನ್ನುವುದು ವಿಮಾನದಲ್ಲಿ ಇರುವ ಗುಣವಲ್ಲ. ಯಾವ ಊರು, ಯಾವ ಕಾಲ ಎಂಬುದನ್ನು ಅವಲಂಬಿಸಿದ್ದು. ಆ ಊರು, ಆ ಕಾಲವನ್ನು ಬರೆದಿಡದಿದ್ದರೆ ಅಪರೂಪವೂ ಉಳಿಯುವುದಿಲ್ಲ.

ನೆಂಟರು ಹಲವು ಕಾರಣಕ್ಕೆ ಬರುತ್ತಾರೆ. ಕೆಲವರು ದಾರಿಯಲ್ಲಿ ದಣಿವಾರಿಸಿಕೊಳ್ಳಲು ಬರುತ್ತಾರೆ. 2016ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಜೀವ್ ಗಾಂಧಿ ನಿಲ್ದಾಣಕ್ಕೆ ಆಂಟೊನೊವ್-225 ಬಂದದ್ದು ಹೀಗೆ. ಯುರೋಪಿನ ಪ್ರಾಗ್ ನಗರದಿಂದ ಆಸ್ಟ್ರೇಲಿಯದ ಪರ್ತ್‌ಗೆ ನೂರು ಟನ್ನಿಗೂ ಮಿಕ್ಕಿದ ತೂಕದ ವಿದ್ಯುತ್ ಜನರೇಟರನ್ನು ಹೊತ್ತು ಹೊರಟಿದ್ದ ಅದು ನಡುದಾರಿಯಲ್ಲಿ ಹೈದರಾಬಾದಿನಲ್ಲಿ ಇಳಿಯಿತು. ಆರು ಎಂಜಿನ್, 32 ಚಕ್ರ, 88.4 ಮೀಟರ್ ರೆಕ್ಕೆ, ಹೊರಡುವಾಗ ಗರಿಷ್ಠ 640 ಟನ್ ತೂಕ. ಸೋವಿಯತ್ ಒಕ್ಕೂಟದ ಬುರಾನ್ ಎಂಬ ಬಾಹ್ಯಾಕಾಶ ನೌಕೆಯನ್ನು ಬೆನ್ನ ಮೇಲೆ ಹೊರುವುದಕ್ಕಾಗಿ ಕಟ್ಟಿದ ಈ ವಿಮಾನ 1988ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಪೂರ್ತಿಯಾಗಿ ತಯಾರಾದದ್ದು ಒಂದೇ ಒಂದು. ಅದರ ಹೆಸರು ಮ್ರಿಯಾ. ಉಕ್ರೇನಿಯನ್ ಭಾಷೆಯಲ್ಲಿ ಹಾಗೆಂದರೆ ಕನಸು.

ತಿಮಿಂಗಿಲದ ಹಣೆಯಂತೆ ಉಬ್ಬಿದ ತಲೆಯ ಏರ್‌ಬಸ್ ಬೆಲೂಗ ವಿಮಾನವೂ 2022ರ ಜುಲೈನಲ್ಲಿ ಚೆನ್ನೈಗೆ ಇಂಧನ ತುಂಬಿಸಿಕೊಳ್ಳಲು ಬಂದಿತ್ತು. ವಿಮಾನದ ರೆಕ್ಕೆ, ಒಡಲುಗಳಂಥ ಬೃಹತ್ ಭಾಗಗಳನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಸಾಗಿಸಲೆಂದು ಮಾಡಿದ ಈ ಜಾತಿಯ ವಿಮಾನಗಳು ಮೊದಲಿಗೆ ತಯಾರಾದದ್ದು ಕೇವಲ ಐದು.

ಇನ್ನು ಕೆಲವರು ಆಹ್ವಾನದ ಮೇಲೆ ಬರುತ್ತಾರೆ. ನಮ್ಮ ಯಲಹಂಕದಲ್ಲಿ 1996ರಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನ ಅಂಥ ನೆಂಟರ ಜಾತ್ರೆ. 2021ರಲ್ಲಿ ಅಮೆರಿಕದ ಬಿ-1ಬಿ ಬಾಂಬರ್ ಅಲ್ಲಿ ಹಾರಿತು. 2025ರ ಫೆಬ್ರುವರಿಯಲ್ಲಿ ರಷ್ಯದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಅದೇ ಯಲಹಂಕದಲ್ಲಿ ಕಾಣಿಸಿಕೊಂಡವು.

ಆಪತ್ತಿನಲ್ಲಿ ಬಾಗಿಲು ತಟ್ಟುವ ನೆಂಟರೂ ಇದ್ದಾರೆ. 2025ರ ಜೂನ್ 14ರ ರಾತ್ರಿ ಬ್ರಿಟನ್ನಿನ ಯುದ್ಧನೌಕೆ ಪ್ರಿನ್ಸ್ ಆಫ್ ವೇಲ್ಸ್‌ಗೆ ಸೇರಿದ ಎಫ್-35ಬಿ ಯುದ್ಧವಿಮಾನ ಹವಾಮಾನ ಕೆಟ್ಟು, ಇಂಧನ ಕಡಿಮೆಯಾಗಿ ತಿರುವನಂತಪುರದಲ್ಲಿ ಇಳಿಯಿತು. ಆಮೇಲೆ ಅದರ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ದೋಷ ಕಂಡುಬಂದು, ಒಂದು ರಾತ್ರಿಯ ಅತಿಥಿ ಐದು ವಾರ ಉಳಿದು ಜುಲೈ 22ರಂದು ಹೊರಟಿತು.

ಈ ನೆಂಟಸ್ತಿಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಅಲ್ಲಿಗೆ ದುರಸ್ತಿಗೆ ಬರುತ್ತಿದ್ದವು. ಅವುಗಳಲ್ಲಿ ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನವೂ ಒಂದು. ಅದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ಇಂದು ನೊರೆಯಿಂದಾಗಿ ಹೆಸರು ಕೆಡಿಸಿಕೊಂಡಿರುವ ಆ ಕೆರೆ ಒಂದು ಕಾಲಕ್ಕೆ ವಿಮಾನ ನಿಲ್ದಾಣವೂ ಆಗಿತ್ತು ಎಂದರೆ ನಂಬುವುದು ಕಷ್ಟ. ಯಾರೋ ಅಂದು ಬರೆದಿಟ್ಟದ್ದರಿಂದ, ಚಿತ್ರ ತೆಗೆದಿಟ್ಟದ್ದರಿಂದ ಇಂದು ನಾವು ಅದನ್ನು ನಂಬಲು ಸಾಧ್ಯವಾಗಿದೆ.

ಈಗ ನೆಂಟನನ್ನು ಗುರುತಿಸುವ ಬಗೆ ನೋಡೋಣ. ವೀಕ್ಷಕರು ನಾಲ್ಕು ಅಂಗಗಳನ್ನು ಕ್ರಮವಾಗಿ ನೋಡುತ್ತಾರೆ: ರೆಕ್ಕೆ, ಎಂಜಿನ್, ಒಡಲು, ಬಾಲ. ರೆಕ್ಕೆ ಒಡಲಿನ ಮೇಲ್ಭಾಗಕ್ಕೆ ಜೋಡಿಸಿದೆಯೋ ಕೆಳಭಾಗಕ್ಕೋ? ಎಂಜಿನ್ ಎಷ್ಟು, ರೆಕ್ಕೆಯ ಕೆಳಗೋ ಬಾಲದ ಬಳಿಯೋ? ಒಡಲು ಕೊಳವೆಯಂತಿದೆಯೋ, ಉಬ್ಬಿದೆಯೋ? ಬಾಲದ ಅಡ್ಡರೆಕ್ಕೆ ಕೆಳಗಿದೆಯೋ, ತುದಿಯಲ್ಲಿ ಕೂತು ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತದೆಯೋ?

ಒಂದು ಉದಾಹರಣೆ ತೆಗೆದುಕೊಳ್ಳಿ. ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿರುವ ಎರಡು ಭಾರಿ ಸಾಗಣೆ ವಿಮಾನಗಳು ರಷ್ಯದ ಇಲ್ಯೂಶಿನ್-76 ಮತ್ತು ಅಮೆರಿಕದ ಸಿ-17. ಎರಡಕ್ಕೂ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಎರಡಕ್ಕೂ ನಾಲ್ಕು ಎಂಜಿನ್. ಎರಡರ ಬಾಲವೂ ಟಿ ಆಕಾರ. ಹಾಗಾದರೆ ಬೇರೆ ಮಾಡುವುದು ಹೇಗೆ? ಸಿ-17ರ ರೆಕ್ಕೆಯ ತುದಿಗಳು ಮೇಲಕ್ಕೆ ಮಡಚಿದಂತಿರುತ್ತವೆ. ಇಲ್ಯೂಶಿನ್-76ರ ಮೂತಿಯ ಕೆಳಗೆ ದಾರಿ ನೋಡುವ ನ್ಯಾವಿಗೇಟರ್ ಕೂರಲು ಗಾಜಿನ ಕಿಟಕಿಗಳಿರುತ್ತವೆ. ಒಂದು ಸಲ ಇದು ಕಣ್ಣಿಗೆ ಹತ್ತಿದರೆ ಮತ್ತೆ ತಪ್ಪುವುದಿಲ್ಲ.

ಹೀಗೆ ನೋಡುವಾಗ ಯಾಕೆ ಎಂಬ ಪ್ರಶ್ನೆಯನ್ನೂ ಜೊತೆಗೆ ಕೇಳಬೇಕು. ಸಾಗಣೆ ವಿಮಾನಕ್ಕೆ ರೆಕ್ಕೆ ಮೇಲೆ ಯಾಕೆ? ಒಡಲು ನೆಲಕ್ಕೆ ಹತ್ತಿರವಿದ್ದರೆ ಲಾರಿ, ಟ್ಯಾಂಕುಗಳನ್ನು ಇಳಿಜಾರಿನ ಮೇಲೆ ಓಡಿಸಿಯೇ ಒಳಗೆ ತುಂಬಬಹುದು. ಎಂಜಿನ್ನುಗಳು ಎತ್ತರದಲ್ಲಿದ್ದು ಕಲ್ಲು ಮಣ್ಣನ್ನು ಎಳೆದುಕೊಳ್ಳುವುದಿಲ್ಲ. ಮ್ರಿಯಾಗೆ ಬಾಲದಲ್ಲಿ ನಡುವೆ ಒಂದು ಲಂಬ ರೆಕ್ಕೆಯ ಬದಲು ಎರಡು ತುದಿಗೆ ಎರಡು ಯಾಕೆ? ಬೆನ್ನ ಮೇಲೆ ಬಾಹ್ಯಾಕಾಶ ನೌಕೆ ಕೂತಾಗ ಅದರ ಹಿಂದೆ ಗಾಳಿ ಕದಡಿಹೋಗುತ್ತದೆ. ಆ ಕದಡಿದ ಗಾಳಿಯಿಂದ ತಪ್ಪಿಸಲು ಅವುಗಳನ್ನು ಬದಿಗೆ ಸರಿಸಿದರು. ನೋಡಿ, ಭೌತಶಾಸ್ತ್ರದ ಪಾಠ ಆಕಾಶದಲ್ಲೇ ಹಾರಿ ಹೋಗುತ್ತಿದೆ.

ಜಾತಿ ತಿಳಿಯಿತು. ಇನ್ನು ಊರು ಮತ್ತು ಹೆಸರು. ನಾಗರಿಕ ವಿಮಾನಗಳ ಮೈಮೇಲೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. 1944ರ ಷಿಕಾಗೊ ಒಡಂಬಡಿಕೆಯ ಏಳನೆಯ ಅನುಬಂಧ ಇದರ ನಿಯಮಗಳನ್ನು ಹೇಳುತ್ತದೆ. ಮೊದಲಿನ ಅಕ್ಷರಗಳು ದೇಶವನ್ನು ಸೂಚಿಸುತ್ತವೆ. ವಿಟಿ ಎಂದರೆ ಭಾರತ. ಎನ್ ಅಮೆರಿಕ, ಜಿ ಬ್ರಿಟನ್, ಎಫ್ ಫ್ರಾನ್ಸ್, ಡಿ ಜರ್ಮನಿ, ಜೆಎ ಜಪಾನ್, 9ಎನ್ ನೇಪಾಳ, 4ಆರ್ ಶ್ರೀಲಂಕಾ, ಎ6 ಸಂಯುಕ್ತ ಅರಬ್ ಸಂಸ್ಥಾನ, ಯುಆರ್ ಉಕ್ರೇನ್. ಮ್ರಿಯಾದ ಸಂಖ್ಯೆ ಯುಆರ್-82060. ಯುದ್ಧವಿಮಾನಗಳಿಗೆ ಈ ಪದ್ಧತಿ ಇಲ್ಲ. ಪ್ರತಿ ದೇಶದ ಸೇನೆ ತನ್ನದೇ ಕ್ರಮಸಂಖ್ಯೆ ಬರೆಸುತ್ತದೆ.

ಒಂದು ಎಚ್ಚರಿಕೆ. ಕಾರಿನ ನಂಬರ್ ಫಲಕದಲ್ಲಿ ಕೆಎ ಎಂದಿದ್ದ ಮಾತ್ರಕ್ಕೆ ಅದರ ಒಳಗೆ ಕೂತವರು ಕನ್ನಡಿಗರೇ ಎಂದು ಹೇಳಲಾಗುವುದಿಲ್ಲ, ಅಲ್ಲವೇ? ವಿಮಾನಗಳನ್ನೂ ಬಾಡಿಗೆಗೆ ಕೊಡುವವರು, ಕೊಳ್ಳುವವರು ಬೇರೆ ಬೇರೆ ದೇಶದವರಾಗಿರುತ್ತಾರೆ. ನೋಂದಣಿ ಸಂಖ್ಯೆ ವಿಮಾನ ಎಲ್ಲಿ ನೋಂದಾಯಿಸಲ್ಪಟ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಯಾರು ಹಾರಿಸುತ್ತಿದ್ದಾರೆ, ಒಳಗೆ ಯಾರಿದ್ದಾರೆ, ಯಾಕೆ ಬಂದಿದೆ ಎಂಬುದನ್ನು ಹೇಳುವುದಿಲ್ಲ.

ಇಲ್ಲಿಂದಲೇ ಟಿಪ್ಪಣಿ ಪುಸ್ತಕದ ಮಹತ್ವ ಶುರುವಾಗುತ್ತದೆ. ಪುಟವನ್ನು ಎರಡು ಭಾಗ ಮಾಡಿ. ಎಡಗಡೆ ಕಣ್ಣಾರೆ ಕಂಡದ್ದು: ದಿನಾಂಕ, ಗಂಟೆ ನಿಮಿಷ, ನೀವು ನಿಂತ ಜಾಗ, ಯಾವ ದಿಕ್ಕಿನಿಂದ ಇಳಿಯಿತು, ಮೋಡವೋ ಬಿಸಿಲೋ, ರೆಕ್ಕೆ, ಎಂಜಿನ್, ಒಡಲು, ಬಾಲ, ಬಣ್ಣ, ನೋಂದಣಿ ಸಂಖ್ಯೆ. ಬಲಗಡೆ ಊಹಿಸಿದ್ದು ಮತ್ತು ಬೇರೆಯವರಿಂದ ತಿಳಿದದ್ದು: ಯಾವ ಕಂಪನಿ, ಎಲ್ಲಿಂದ ಬಂತು, ಏನು ತಂದಿರಬಹುದು. ಸಂಖ್ಯೆಯ ಕೊನೆಯ ಅಕ್ಷರ ಸರಿಯಾಗಿ ಕಾಣಲಿಲ್ಲವೋ, ಆ ಜಾಗವನ್ನು ಖಾಲಿ ಬಿಡಿ. ಹೀಗಿರಬಹುದು ಎಂದು ತುಂಬಬೇಡಿ. ಪ್ರಯೋಗಶಾಲೆಯಲ್ಲಿ ವೀಕ್ಷಣೆ ಬೇರೆ, ತೀರ್ಮಾನ ಬೇರೆ ಎಂದು ನಿಮ್ಮ ಅಧ್ಯಾಪಕರು ಹೇಳುವ ಮಾತೇ ಇದು.

ಈಗ ಮೊಬೈಲ್ ಫೋನಿನಲ್ಲೇ ವಿಮಾನಗಳ ಜಾಡು ನೋಡುವ ಅನುಕೂಲವಿದೆ. ಇದರ ಹಿಂದಿನ ತಂತ್ರ ಸ್ವಾರಸ್ಯವಾದದ್ದು. ಎಡಿಎಸ್-ಬಿ ಎಂಬ ಉಪಕರಣ ಇರುವ ವಿಮಾನ ತನ್ನ ಸ್ಥಾನ, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ತಾನೇ ಸಾರುತ್ತಾ ಹೋಗುತ್ತದೆ. ಜೊತೆಗೆ 24 ಬಿಟ್‌ಗಳ ಒಂದು ಗುರುತಿನ ಸಂಕೇತವನ್ನೂ ಕಳಿಸುತ್ತದೆ. ಎರಡರ 24ನೆಯ ಘಾತ ಎಂದರೆ 1,67,77,216. ಜಗತ್ತಿನ ವಿಮಾನಗಳಿಗೆ ಒಂದೊಂದು ಸಂಕೇತ ಹಂಚಲು ಅಷ್ಟು ಧಾರಾಳ. ಆದರೆ ಫೋನು ತೋರಿಸಿದ್ದನ್ನು ಎಡಗಡೆಯ ಭಾಗದಲ್ಲಿ ಬರೆಯಬೇಡಿ. ಅದು ಬಲಗಡೆಗೆ ಸೇರಿದ್ದು. ನೀವು ಕಂಡದ್ದಕ್ಕೂ ಫೋನು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಹಾಗೆಯೇ ಬಿಡಿ. ಕೆಲವೊಮ್ಮೆ ಆ ವ್ಯತ್ಯಾಸವೇ ಮುಂದೆ ಮುಖ್ಯವಾಗುತ್ತದೆ.

ಇನ್ನು ಚಿತ್ರ ತೆಗೆಯುವ ವಿಷಯ. ಇಲ್ಲೂ ವಿಜ್ಞಾನ ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿಯೇ ಏರುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಒಂದು ತುದಿಯ ಸಂಖ್ಯೆ 09, ಇನ್ನೊಂದರದು 27. ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಕೊನೆಯ ಸೊನ್ನೆ ತೆಗೆದರೆ ಬರುವ ಸಂಖ್ಯೆಗಳು ಅವು. ನೈಋತ್ಯ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುವಾಗ ವಿಮಾನಗಳು ಪೂರ್ವದ ಕಡೆಯಿಂದ ಬಂದು ಇಳಿಯುತ್ತವೆ. ಗಾಳಿ ತಿರುಗಿದಾಗ ದಾರಿಯೂ ತಿರುಗುತ್ತದೆ.

ಎತ್ತರವನ್ನೂ ಲೆಕ್ಕ ಹಾಕಬಹುದು. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. 3 ಡಿಗ್ರಿಯ ಟ್ಯಾಂಜೆಂಟ್ 0.052. ಅಂದರೆ ನೆಲ ಮುಟ್ಟುವ ಜಾಗದಿಂದ ಪ್ರತಿ ಕಿಲೋಮೀಟರಿಗೆ 52 ಮೀಟರ್ ಎತ್ತರ. ಐದು ಕಿಲೋಮೀಟರ್ ದೂರದ ನಿಮ್ಮ ಮನೆಯ ತಾರಸಿಯ ಮೇಲೆ ಅದು ಸುಮಾರು 260 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ನೋಡುವುದಕ್ಕೆ ಅಷ್ಟು ಸಾಕು; ನಿಲ್ದಾಣದ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾಗಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಸೂರ್ಯ ನಮ್ಮ ಬೆನ್ನಿಗಿರಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷದ ಹೆಚ್ಚಿನ ಕಾಲ ನಡುಹಗಲಿನ ಸೂರ್ಯ ದಕ್ಷಿಣಕ್ಕಿರುವುದರಿಂದ ವಿಮಾನದ ದಾರಿಯ ದಕ್ಷಿಣಕ್ಕೆ ನಿಂತವರಿಗೆ ಬೆಳಗಿದ ಮೈ ಕಾಣುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಸೂರ್ಯ ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಬೇಸಿಗೆಯ ಮಧ್ಯಾಹ್ನ ಕಾದ ನೆಲದ ಮೇಲಿನ ಗಾಳಿ ನಡುಗುವುದರಿಂದ ದೂರದ ವಿಮಾನ ನೀರಿನಲ್ಲಿ ಅದ್ದಿದಂತೆ ಅಲುಗಾಡುತ್ತದೆ. ಎಂಥ ದುಬಾರಿ ಲೆನ್ಸೂ ಇದನ್ನು ಸರಿಪಡಿಸಲಾರದು. ಬೆಳಗಿನ ಹೊತ್ತೇ ಲೇಸು.

ಇಳಿಯುವ ಜೆಟ್ ವಿಮಾನದ ವೇಗ ಗಂಟೆಗೆ 250 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 70 ಮೀಟರ್ ಆಯಿತು. ಶಟರನ್ನು ಸೆಕೆಂಡಿನ ಸಾವಿರದ ಒಂದು ಭಾಗ ತೆರೆದರೆ ಅಷ್ಟರಲ್ಲಿ ಅದು 7 ಸೆಂಟಿಮೀಟರ್ ಸಾಗುತ್ತದೆ. ಅರವತ್ತರ ಒಂದು ಭಾಗ ತೆರೆದರೆ ಒಂದು ಮೀಟರಿಗೂ ಹೆಚ್ಚು; ನೋಂದಣಿ ಸಂಖ್ಯೆ ಕಲಸಿಹೋಗುತ್ತದೆ. ಪ್ರೊಪೆಲ್ಲರ್ ವಿಮಾನಕ್ಕೆ ಮಾತ್ರ ಇದಕ್ಕೆ ವಿರುದ್ಧ. ಅತಿ ವೇಗದ ಶಟರಿನಲ್ಲಿ ಅದರ ಪ್ರೊಪೆಲ್ಲರ್ ನಿಂತುಹೋದಂತೆ ಕಾಣುತ್ತದೆ. ಆದ್ದರಿಂದ 125ರಿಂದ 250ರ ಒಂದು ಭಾಗಕ್ಕೆ ಇಳಿಸಿ, ವಿಮಾನದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತಾ ತೆಗೆಯುತ್ತಾರೆ. ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ. ಚಿತ್ರದೊಳಗೆ ಸೇರುವ ಸಮಯ ಆ ಗಡಿಯಾರದ್ದು.

ಇಷ್ಟೆಲ್ಲ ಮಾಡಿ ತೆಗೆದ ಚಿತ್ರ ತಾನೊಂದೇ ಸಾಕಾಗುವುದಿಲ್ಲವೇ? ಸಾಕಾಗುವುದಿಲ್ಲ. ದೂರದರ್ಶನದ ಕೆಲಸದಲ್ಲಿ ಪ್ರತಿ ಟೇಪಿನ ಮೇಲೂ ಚೀಟಿ ಅಂಟಿಸಿ ದಿನಾಂಕ, ಸ್ಥಳ, ವಿಷಯ ಬರೆಯುವುದು ಮೊದಲ ಶಿಸ್ತು. ಚೀಟಿ ಉದುರಿಹೋದ ಟೇಪಿನಲ್ಲಿ ಎಷ್ಟೇ ಒಳ್ಳೆಯ ದೃಶ್ಯವಿದ್ದರೂ ಸುದ್ದಿಗೆ ಬಳಸಲು ಬರುವುದಿಲ್ಲ. ಎಂದಿನದು, ಎಲ್ಲಿಯದು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಇಂದಿನ ಕಾಲದಲ್ಲಿ ಇದು ಇನ್ನೂ ಕಠಿಣವಾಗಿದೆ. ತಿರುವನಂತಪುರದ ಎಫ್-35ಬಿಯನ್ನೇ ನೆನೆಯಿರಿ. ತೆಂಗಿನ ಮರಗಳ ನಡುವೆ ಆ ವಿಮಾನ ನಿಂತಂತೆ ಚಿತ್ರ ಮಾಡಿಸಿ ಕೇರಳದ ಪ್ರವಾಸೋದ್ಯಮ ಇಲಾಖೆ ತಮಾಷೆಯ ಜಾಹೀರಾತೊಂದನ್ನು ಹೊರಡಿಸಿತು. ಅದು ನಗೆಯ ಮಾತು, ಯಾರಿಗೂ ಮೋಸವಿರಲಿಲ್ಲ. ಆದರೆ ಮೋಸ ಮಾಡಬೇಕೆನ್ನುವವರಿಗೂ ಅದೇ ಉಪಾಯ ಕೈಗೆಟುಕುತ್ತದೆ. ಕಂಪ್ಯೂಟರು ಯಾವ ವಿಮಾನವನ್ನು ಯಾವ ನಿಲ್ದಾಣದಲ್ಲಿ ಬೇಕಾದರೂ ನಿಲ್ಲಿಸಬಲ್ಲದು. ಆದ್ದರಿಂದ ಚಿತ್ರಕ್ಕೆ ಸಾಕ್ಷಿಯಾಗಿ ಮನುಷ್ಯನ ಕೈಬರಹದ ಟಿಪ್ಪಣಿ ನಿಲ್ಲಬೇಕಾಗಿದೆ.

ಅಂಥ ಟಿಪ್ಪಣಿಗೆ ಎಷ್ಟು ಬೆಲೆ ಬರಬಹುದು? ಎರಡು ಉದಾಹರಣೆ ಕೊಡುತ್ತೇನೆ. 1940ರಲ್ಲಿ ಜರ್ಮನಿಯ ಬಾಂಬರುಗಳು ಬ್ರಿಟನ್ನಿನ ಮೇಲೆ ದಾಳಿ ಮಾಡಿದಾಗ ಅಲ್ಲಿನ ರೇಡಾರುಗಳು ಸಮುದ್ರದ ಕಡೆಗೆ ಮುಖ ಮಾಡಿದ್ದವು. ವಿಮಾನ ಕರಾವಳಿ ದಾಟಿ ಒಳನಾಡಿಗೆ ಬಂದಮೇಲೆ ಅದನ್ನು ಹಿಂಬಾಲಿಸಿದ್ದು ಅಬ್ಸರ್ವರ್ ಕೋರ್ ಎಂಬ ಪಡೆಯ ಸ್ವಯಂಸೇವಕರ ಕಣ್ಣು ಕಿವಿಗಳು. ಯಾವ ಜಾತಿ, ಎಷ್ಟು, ಯಾವ ದಿಕ್ಕು ಎಂದು ಅವರು ದೂರವಾಣಿಯಲ್ಲಿ ತಿಳಿಸುತ್ತಿದ್ದರು. 1941ರಲ್ಲಿ ಆ ಪಡೆಗೆ ರಾಯಲ್ ಎಂಬ ಗೌರವ ಸಿಕ್ಕಿತು.

ಎರಡನೆಯದು ಯುದ್ಧದ್ದಲ್ಲ, ನ್ಯಾಯದ್ದು. 2001ರ ನಂತರ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಶಂಕಿತರನ್ನು ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುತ್ತಿತ್ತು. ಅದಕ್ಕೆ ಬಳಸಿದ್ದು ಸಾಮಾನ್ಯ ಖಾಸಗಿ ವಿಮಾನಗಳಂತೆ ಕಾಣುವ ವಿಮಾನಗಳನ್ನು. ಎನ್313ಪಿ ಎಂಬ ಬೋಯಿಂಗ್ 737 ಅವುಗಳಲ್ಲೊಂದು. ಖಾಲಿದ್ ಎಲ್-ಮಸ್ರಿ ಎಂಬ ಜರ್ಮನ್ ನಾಗರಿಕನನ್ನು ತಪ್ಪು ಶಂಕೆಯ ಮೇಲೆ 2004ರ ಜನವರಿಯಲ್ಲಿ ಮ್ಯಾಸಿಡೋನಿಯದಿಂದ ಅಫ್ಘಾನಿಸ್ತಾನಕ್ಕೆ ಒಯ್ದದ್ದು ಅದೇ ವಿಮಾನ. ಅದೇ ತಿಂಗಳು ಸ್ಪೇನಿನ ಪಾಲ್ಮಾ ನಿಲ್ದಾಣದಲ್ಲಿ ಅದು ನಿಂತಿದ್ದಾಗ ಹವ್ಯಾಸಿ ವೀಕ್ಷಕರು ಎಂದಿನಂತೆ ಚಿತ್ರ ತೆಗೆದು ಸಂಖ್ಯೆ, ದಿನಾಂಕ ಬರೆದಿಟ್ಟಿದ್ದರು. ಅದರ ಒಳಗುಟ್ಟು ಅವರಿಗೆ ಗೊತ್ತಿರಲಿಲ್ಲ. ಇಂಥ ಬಿಡಿ ಬಿಡಿ ದಾಖಲೆಗಳನ್ನು ಪತ್ರಕರ್ತರು, ತನಿಖೆ ಮಾಡಿದವರು ಒಂದಕ್ಕೊಂದು ಜೋಡಿಸಿದಾಗ ಜಾಲದ ಆಕಾರ ಹೊರಗೆ ಬಂತು. 2012ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎಲ್-ಮಸ್ರಿಯ ಪರವಾಗಿ ತೀರ್ಪು ನೀಡಿತು. ಆ ವೀಕ್ಷಕರು ಒಂದು ಅಂಕಿಯನ್ನು ಊಹಿಸಿ ಬರೆದಿದ್ದರೆ ಆ ದಾಖಲೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಇದೇ ಹವ್ಯಾಸ ಆಪತ್ತನ್ನೂ ತಂದದ್ದುಂಟು. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾತಾ ವಾಯುನೆಲೆಯಲ್ಲಿ 12 ಮಂದಿ ಬ್ರಿಟಿಷ್, ಇಬ್ಬರು ಡಚ್ ವೀಕ್ಷಕರನ್ನು ಬಂಧಿಸಿದರು. ಅವರ ಟಿಪ್ಪಣಿ ಪುಸ್ತಕಗಳನ್ನು ಗೂಢಚರ್ಯೆಯ ಸಾಕ್ಷ್ಯವೆಂದು ಪರಿಗಣಿಸಲಾಯಿತು. ವಾರಗಟ್ಟಲೆ ಸೆರೆಮನೆಯಲ್ಲಿದ್ದರು. 2002ರ ಏಪ್ರಿಲಿನಲ್ಲಿ ಶಿಕ್ಷೆಯಾಯಿತು, ನವೆಂಬರಿನಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. 2010ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಿಲ್ದಾಣದ ಬಳಿಯ ಹೋಟೆಲ್ ಕೋಣೆಯಿಂದ ವಿಮಾನಗಳ ರೇಡಿಯೋ ಮಾತುಕತೆ ಕೇಳುತ್ತಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳ ಬಂಧನವಾಯಿತು. ಅವರು ದಂಡ ತೆತ್ತು ಊರಿಗೆ ಮರಳಲು ಸುಮಾರು ಎರಡು ತಿಂಗಳು ಹಿಡಿಯಿತು.

ನಮ್ಮ ದೇಶದ ಕಟ್ಟಳೆಗಳನ್ನು ನೀವು ಚೆನ್ನಾಗಿ ತಿಳಿದಿರಬೇಕು. 1937ರ ವಿಮಾನ ನಿಯಮಗಳ 13ನೆಯ ನಿಯಮ ನಿಲ್ದಾಣದಲ್ಲಿ ಛಾಯಾಚಿತ್ರ ತೆಗೆಯುವುದಕ್ಕೆ ಅನುಮತಿಯ ನಿರ್ಬಂಧ ಹಾಕಿದೆ. ರಕ್ಷಣಾ ನೆಲೆಗಳ ಚಿತ್ರ ತೆಗೆದರೆ 1923ರ ಅಧಿಕೃತ ರಹಸ್ಯಗಳ ಕಾಯಿದೆ ಅಡ್ಡ ಬರಬಹುದು. ನೆನಪಿಡಿ, ನಮ್ಮಲ್ಲಿ ಅನೇಕ ನಿಲ್ದಾಣಗಳು ವಾಯುಪಡೆ ಅಥವಾ ನೌಕಾಪಡೆಯ ನೆಲೆಗಳೂ ಹೌದು. ವಿದ್ಯಾರ್ಥಿ ಎಂಬ ಕಾರಣಕ್ಕೆ ಕಾಯಿದೆ ಸಡಿಲವಾಗುವುದಿಲ್ಲ.

ಆದ್ದರಿಂದ ಕೆಲವು ಮಾತು. ಎಚ್‌ಎಎಲ್, ಯಲಹಂಕದಂಥ ರಕ್ಷಣಾ ಪ್ರದೇಶಗಳ ಗೋಡೆಯ ಬಳಿ ಕ್ಯಾಮೆರಾ ಹೊರತೆಗೆಯಬೇಡಿ. ಏರೋ ಇಂಡಿಯಾಗೆ ಟಿಕೆಟ್ ಕೊಂಡು ಹೋದಾಗ ಅಲ್ಲಿಯ ಸೂಚನೆಗಳನ್ನು ಓದಿ, ಅದರೊಳಗೆ ನಿಮ್ಮ ಆಸೆ ತೀರಿಸಿಕೊಳ್ಳಿ. ನಿಲ್ದಾಣದ ಸುತ್ತ ಡ್ರೋನ್ ಹಾರಿಸುವ ಯೋಚನೆಯೇ ಬೇಡ. ಇಳಿಯುವ ವಿಮಾನದ ನೂರಾರು ಜೀವಗಳಿಗೆ ಅದು ಅಪಾಯ. ಪೊಲೀಸರು ಬಂದು ವಿಚಾರಿಸಿದರೆ ವಾದಿಸದೆ ಪುಸ್ತಕ ತೋರಿಸಿ, ಹೋಗಿ ಎಂದರೆ ಹೊರಡಿ. ಸಾಧ್ಯವಾದರೆ ಶಾಲೆ ಅಥವಾ ಕಾಲೇಜಿನ ವಿಜ್ಞಾನ ಸಂಘದ ಮೂಲಕ ನಿಲ್ದಾಣದ ಅಧಿಕಾರಿಗಳಿಗೆ ಪತ್ರ ಬರೆದು ಅನುಮತಿ ಕೇಳಿ. ಸೇನಾ ವಿಮಾನ ಇಂದು ಇಲ್ಲಿದೆ, ಈಗ ಹೊರಟಿತು ಎಂದು ಎಲ್ಲರಿಗೂ ಸಾರಬೇಡಿ. 2025ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೇನೆಯ ಚಲನವಲನಗಳನ್ನು ನೇರ ಪ್ರಸಾರ ಮಾಡಬಾರದೆಂದು ಮಾಧ್ಯಮಗಳಿಗೂ ಸಾಮಾಜಿಕ ಜಾಲತಾಣಗಳ ಬಳಕೆದಾರರಿಗೂ ಸೂಚಿಸಿತು. ನಮಗೆ ಟೆಲಿವಿಷನ್ನಿನವರಿಗೆ ಇರುವ ಈ ಹೊಣೆ ಫೋನು ಹಿಡಿದ ನಿಮಗೂ ಇದೆ.

ಇಷ್ಟು ಕಟ್ಟುಪಾಡಿನ ನಡುವೆ ಇದೆಲ್ಲ ಯಾಕೆ ಬೇಕು ಎಂದು ಕೇಳುವಿರೇನೋ. ಮತ್ತೆ ಮ್ರಿಯಾದ ಕಡೆ ನೋಡಿ. 2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ಆರಂಭಿಸಿದಾಗ ಕೀವ್ ಹತ್ತಿರದ ಹೊಸ್ತೊಮೆಲ್ ನಿಲ್ದಾಣದಲ್ಲಿ ದುರಸ್ತಿಗೆಂದು ನಿಂತಿದ್ದ ಮ್ರಿಯಾ ನಾಶವಾಯಿತು. ಇದ್ದದ್ದೊಂದೇ, ಅದೂ ಹೋಯಿತು. ಇನ್ನು ಅದು ಯಾವ ಊರಿಗೂ ನೆಂಟನಾಗಿ ಬರುವುದಿಲ್ಲ. ಅದು ಇಳಿದ ಊರುಗಳಲ್ಲಿ ಆ ಹೊತ್ತು ನಿಂತು ನೋಡಿದವರು ತೆಗೆದ ಚಿತ್ರ, ಬರೆದ ನಾಲ್ಕು ಸಾಲು ಇವು ಈಗ ಇತಿಹಾಸದ ಭಾಗ. ಬಂದ ನೆಂಟ ಮತ್ತೆ ಬರುತ್ತಾನೆಂದು ನಂಬಿ ಬರೆಯದೆ ಬಿಡುವಂತಿಲ್ಲ.

ಶುರು ಮಾಡುವುದು ಬಹಳ ಸುಲಭ, ಖರ್ಚೂ ಇಲ್ಲ. ಒಂದು ತಿಂಗಳ ಕಾಲ ದಿನಕ್ಕೆ ಅರ್ಧ ಗಂಟೆ ನಿಮ್ಮ ತಾರಸಿಯ ಮೇಲಿಂದ ಅಥವಾ ಊರ ಮೈದಾನದಿಂದ ಆಕಾಶ ನೋಡಿ. ಕ್ಯಾಮೆರಾ ಬೇಡ. ಕಾಣುವ ಸಾಮಾನ್ಯ ವಿಮಾನಗಳನ್ನೇ ರೆಕ್ಕೆ, ಎಂಜಿನ್, ಒಡಲು, ಬಾಲ ಎಂದು ಬರೆಯುತ್ತಾ ಹೋಗಿ. ಮೊದಲ ವಾರ ಎಲ್ಲವೂ ಒಂದೇ ತರಹ ಕಾಣುತ್ತವೆ. ಎರಡನೆಯ ವಾರ ಎರಡು ಜಾತಿ ಬೇರೆಯಾಗುತ್ತವೆ. ನಾಲ್ಕನೆಯ ವಾರದ ಹೊತ್ತಿಗೆ ಯಾವುದು ಎಷ್ಟು ಗಂಟೆಗೆ, ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದಿರುತ್ತದೆ. ಹೀಗೆ ದಿನನಿತ್ಯದ್ದನ್ನು ಬಲ್ಲವನಿಗೆ ಮಾತ್ರ ಅಪರೂಪದ್ದು ಬಂದಾಗ ಗೊತ್ತಾಗುತ್ತದೆ. ಆಗ ಗಡಿಯಾರ ನೋಡಿ ಮೊದಲು ಸಮಯ ಬರೆಯಿರಿ. ಚಿತ್ರ ಆಮೇಲೆ ಇದ್ದೇ ಇದೆ.